ಕಾರಿಗೆ ಹೊರಗಿನ ಕಂಪೆನಿಯ ಕ್ಯಾಟಲಿಟಿಕ್ ಕನ್ವರ್ಟರ್ ಆರಿಸುವ ಬಗೆ: ಕರಾವಳಿಯ ಕಾರು ಮಾಲೀಕರಿಗೆ ಸಮಗ್ರ ಮಾರ್ಗದರ್ಶಿ

ಎಮಿಷನ್ ಟೆಸ್ಟಿನಲ್ಲಿ ಕಾರು ಫೇಲಾದಾಗ, ಅಥವಾ ಡ್ಯಾಶ್‌ಬೋರ್ಡಿನ ಇಂಜಿನ್ ದೀಪ ಹತ್ತಿದ್ದು ಆರದೇ ಉಳಿದಾಗ, ಮಂಗಳೂರು ಉಡುಪಿಯ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ‘ಕ್ಯಾಟ್ ಹೋಗಿದೆ’ ಎಂಬುದು, ಅಂದರೆ ಹೊಗೆಯನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಟ್ಟಿದೆ ಎಂದು. ಷೋರೂಮಿನಲ್ಲಿ ಅದರ ಬೆಲೆ ವಿಚಾರಿಸಿ ಬೆಚ್ಚಿದವರು ಹೊರಗಿನ ಕಂಪೆನಿಯ ಕನ್ವರ್ಟರ್ ಸಿಗುತ್ತದೆಯೇ ಎಂದು ಹುಡುಕತೊಡಗುತ್ತಾರೆ. ಸಿಗುವುದೇನೋ ಹೌದು. ಆದರೆ ಅಂಗಡಿಯ ಕಪಾಟಿನಲ್ಲಿ ಒಂದೇ ಬಗೆಯ ಉಕ್ಕಿನ ಡಬ್ಬಿಗಳಾಗಿ ಕಾಣುವ ಈ ಕನ್ವರ್ಟರುಗಳ ಬೆಲೆಯಲ್ಲಿ ಹಲವು ಪಟ್ಟು ವ್ಯತ್ಯಾಸವಿರುತ್ತದೆ, ಮತ್ತು ಆ ವ್ಯತ್ಯಾಸಕ್ಕೆ ಕಾರಣವಾದದ್ದು ಹೊರಗಿನಿಂದ ಕಾಣುವುದಿಲ್ಲ. ಪೈಪಿನ ಅಳತೆ ಹೊಂದಿತು ಎಂಬ ಒಂದೇ ಕಾರಣಕ್ಕೆ ಕೊಂಡ ಕನ್ವರ್ಟರ್ ಕೆಲವೇ ತಿಂಗಳಲ್ಲಿ ಮತ್ತೆ ಅದೇ ದೀಪವನ್ನು ಹತ್ತಿಸುವುದು ಅಪರೂಪವೇನಲ್ಲ. ಆದ್ದರಿಂದ ಕೊಳ್ಳುವ ಮಾತಿಗೆ ಬರುವ ಮೊದಲು ಪರೀಕ್ಷೆಯ ಮಾತು ಆಗಲೇಬೇಕು.

ಡಬ್ಬಿಯ ಒಳಗಿರುವುದು

ಇಂಜಿನ್ ಉಗುಳುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್, ಉರಿಯದೆ ಉಳಿದ ಹೈಡ್ರೋಕಾರ್ಬನ್ ಮತ್ತು ಸಾರಜನಕದ ಆಕ್ಸೈಡುಗಳು ಇರುತ್ತವೆ. ಈ ಮೂರನ್ನೂ ಏಕಕಾಲಕ್ಕೆ ಇಂಗಾಲದ ಡೈಆಕ್ಸೈಡ್, ನೀರಾವಿ ಹಾಗೂ ಸಾರಜನಕವಾಗಿ ಮಾರ್ಪಡಿಸುವುದು ಪೆಟ್ರೋಲ್ ಕಾರಿನ ಕನ್ವರ್ಟರಿನ ಕೆಲಸ. ಡಬ್ಬಿಯೊಳಗೆ ಉದ್ದಕ್ಕೂ ಸಾವಿರಾರು ಕಿರುರಂಧ್ರಗಳಿರುವ ಸೆರಾಮಿಕ್ ಜಾಲರಿಯೊಂದಿರುತ್ತದೆ. ಕೆಲವು ಕಾರುಗಳಲ್ಲಿ ಅದು ತೆಳುವಾದ ಲೋಹದ ಹಾಳೆಯದ್ದಾಗಿರುತ್ತದೆ. ಆ ರಂಧ್ರಗಳ ಗೋಡೆಗೆ ಅಲ್ಯುಮಿನಾದ ಲೇಪ, ಲೇಪದಲ್ಲಿ ಪ್ಲಾಟಿನಂ, ಪಲ್ಲಾಡಿಯಂ ಮತ್ತು ರೋಡಿಯಂ ಲೋಹಗಳ ಸೂಕ್ಷ್ಮ ಕಣಗಳು, ಜೊತೆಗೆ ಆಮ್ಲಜನಕವನ್ನು ಕ್ಷಣಕಾಲ ಹಿಡಿದಿಟ್ಟು ಬಿಡುವ ಸೀರಿಯಾ (ಸೀರಿಯಂ ಆಕ್ಸೈಡ್). ಒಂದು ಸಣ್ಣ ಕಾರಿನ ಕನ್ವರ್ಟರಿನಲ್ಲಿ ಈ ಅಮೂಲ್ಯ ಲೋಹಗಳೆಲ್ಲ ಸೇರಿ ಕೆಲವೇ ಗ್ರಾಂ ಇರುತ್ತವೆ, ಆದರೂ ಬೆಲೆಯ ಬಹುಪಾಲು ಇರುವುದು ಅಲ್ಲಿಯೇ. ರೋಡಿಯಂ ಒಂದರ ಬೆಲೆಯೇ 2021ರಲ್ಲಿ ಔನ್ಸಿಗೆ 20,000 ಡಾಲರ್ ದಾಟಿತ್ತು. ಅಗ್ಗದ ಕನ್ವರ್ಟರ್ ಹೇಗೆ ಅಗ್ಗವಾಯಿತು ಎಂಬ ಪ್ರಶ್ನೆಗೆ ಹೆಚ್ಚಿನ ಸಂದರ್ಭಗಳಲ್ಲಿ ಉತ್ತರ ಇಷ್ಟೇ: ಲೇಪದಲ್ಲಿ ಲೋಹ ಕಡಿಮೆ.

ಜಾಲರಿ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುವವರೆಗೆ ಕನ್ವರ್ಟರ್ ಹೆಚ್ಚುಕಡಿಮೆ ಖಾಲಿ ಪೈಪೇ ಸರಿ. ಬೇಗ ಬಿಸಿಯಾಗಲೆಂದೇ ಈಚಿನ ಕಾರುಗಳಲ್ಲಿ ಅದನ್ನು ಇಂಜಿನ್ನಿನ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ (ಹೊಗೆ ಇಂಜಿನ್ನಿನಿಂದ ಹೊರಬೀಳುವ ಮೊದಲ ಕೊಳವೆಗೆ) ಅಂಟಿಕೊಂಡಂತೆ ಇರಿಸುತ್ತಾರೆ. ಹಳೆಯ ಕಾರುಗಳಲ್ಲಿ ಅದು ಸೀಟಿನ ಕೆಳಗೆ, ಸೈಲೆನ್ಸರಿನ ದಾರಿಯಲ್ಲಿ ಇರುತ್ತಿತ್ತು. ಈ ಜಾಗದ ವ್ಯತ್ಯಾಸ ಮುಂದೆ ಆಯ್ಕೆಯ ಹೊತ್ತಿಗೆ ದೊಡ್ಡದಾಗುತ್ತದೆ.

ಮೊದಲ ಹೆಜ್ಜೆ: ಹೋಗಿರುವುದು ಕನ್ವರ್ಟರೇ ಎಂದು ಖಚಿತಪಡಿಸಿಕೊಳ್ಳುವುದು

ಸ್ಕ್ಯಾನರ್ ಹಾಕಿದಾಗ ಪಿ0420 ಎಂಬ ಕೋಡ್ ಬಂದರೆ ಅನೇಕರು ಅಲ್ಲಿಗೇ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಆ ಕೋಡ್ ಹೇಳುವುದು ಕನ್ವರ್ಟರಿನ ದಕ್ಷತೆ ನಿಗದಿತ ಮಿತಿಗಿಂತ ಕೆಳಗೆ ಕಂಡಿತು ಎಂದಷ್ಟೇ. ಕನ್ವರ್ಟರಿನ ಮುಂದೆ ಒಂದು, ಹಿಂದೆ ಒಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಹಿಂದಿನದು ಕಳುಹಿಸುವ ಸಂಕೇತವನ್ನು ನೋಡಿ ಕಾರಿನ ಕಂಪ್ಯೂಟರ್ ಊಹಿಸುತ್ತದೆ. ಸೆನ್ಸರೇ ಕೆಟ್ಟಿದ್ದರೆ, ಅಥವಾ ಸೆನ್ಸರಿನ ಬಳಿ ಗ್ಯಾಸ್ಕೆಟ್ ಸುಟ್ಟು ಹೊರಗಿನ ಗಾಳಿ ಒಳನುಗ್ಗುತ್ತಿದ್ದರೆ, ಊಹೆಯೂ ತಪ್ಪುತ್ತದೆ.

ಹೀಗಾಗಿ ಮೊದಲು ಕೋಡುಗಳನ್ನೆಲ್ಲ ಬರೆದಿಟ್ಟುಕೊಳ್ಳಿ, ಅಳಿಸಲು ಬಿಡಬೇಡಿ. ಪಿ0300ರಿಂದ ಪಿ0304ರವರೆಗಿನ ಮಿಸ್‌ಫೈರ್ (ಗ್ಯಾರೇಜಿನ ಮಾತಿನಲ್ಲಿ ಮಿಸ್ಸಿಂಗ್, ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಕೋಡುಗಳು, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಎನ್ನುವ ಪಿ0171, ಹೆಚ್ಚು ಎನ್ನುವ ಪಿ0172, ಸೆನ್ಸರ್ ಹೀಟರಿಗೆ ಸಂಬಂಧಿಸಿದ ಪಿ0135 ಅಥವಾ ಪಿ0141 ಜೊತೆಯಲ್ಲಿದ್ದರೆ ಅವುಗಳನ್ನೇ ಮೊದಲು ಸರಿಪಡಿಸಬೇಕು. ಬಳಿಕ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸ್ಕ್ಯಾನರಿನಲ್ಲಿ ಹಿಂದಿನ ಸೆನ್ಸರಿನ ವೋಲ್ಟೇಜನ್ನು ಗ್ರಾಫ್ ರೂಪದಲ್ಲಿ ನೋಡಲು ಹೇಳಿ. ಕನ್ವರ್ಟರ್ ಆರೋಗ್ಯವಾಗಿದ್ದರೆ ಗೆರೆ 0.6–0.7 ವೋಲ್ಟಿನ ಆಸುಪಾಸಿನಲ್ಲಿ ಬಹುತೇಕ ಸಪಾಟಾಗಿರುತ್ತದೆ. ಮುಂದಿನ ಸೆನ್ಸರಿನ ಹಾಗೆಯೇ ಅದೂ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಸೀರಿಯಾದ ಶಕ್ತಿ ಉಡುಗಿದೆ ಎಂದರ್ಥ.

ಎರಡನೆಯ ಸಾಕ್ಷಿ ಎಮಿಷನ್ ಟೆಸ್ಟಿನ ಚೀಟಿ. ಅದನ್ನು ಪಾಸು ಅಥವಾ ಫೇಲು ಎಂದಷ್ಟೇ ಓದಿ ಮಡಚಿಡುವುದು ನಷ್ಟ. ಬಿಎಸ್-4 (ಹೊಗೆಯ ಮಿತಿಗೆ ಸರಕಾರ ಗೊತ್ತುಮಾಡಿದ ‘ಭಾರತ್ ಸ್ಟೇಜ್’ ಹಂತಗಳಲ್ಲಿ ನಾಲ್ಕನೆಯದು) ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ, ಅಂದರೆ ಪೆಡಲ್ ಒತ್ತದೆ ಇಂಜಿನ್ ಸುಮ್ಮನೆ ಓಡುತ್ತಿರುವಾಗ, ಕಾರ್ಬನ್ ಮೊನಾಕ್ಸೈಡ್ ಶೇಕಡ 0.3 ಮತ್ತು ಹೈಡ್ರೋಕಾರ್ಬನ್ 200 ಪಿಪಿಎಂ ಮೀರಬಾರದು. 2500 ಆರ್‌ಪಿಎಂ ಆಸುಪಾಸಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡ 0.2ರ ಒಳಗೆ, ಲ್ಯಾಮ್ಡಾ 0.97ರಿಂದ 1.03ರ ನಡುವೆ ಇರಬೇಕು. ಬಿಎಸ್-2, ಬಿಎಸ್-3 ಕಾರುಗಳಿಗೆ ಮಿತಿ ಇನ್ನಷ್ಟು ಸಡಿಲ: ಶೇಕಡ 0.5 ಮತ್ತು 750 ಪಿಪಿಎಂ. ಇಲ್ಲಿ ಗಮನಿಸಬೇಕಾದದ್ದು ಲ್ಯಾಮ್ಡಾ. ಅದು ಗಾಳಿ ಮತ್ತು ಪೆಟ್ರೋಲಿನ ಒಟ್ಟು ಲೆಕ್ಕವಾದ್ದರಿಂದ ಕನ್ವರ್ಟರ್ ಇದ್ದರೂ ಸತ್ತರೂ ಬದಲಾಗುವುದಿಲ್ಲ. ಲ್ಯಾಮ್ಡಾ 1.03 ದಾಟಿದ್ದರೆ ಎಲ್ಲೋ ಗಾಳಿ ಸೋರಿಕೆಯಿದೆ, 0.97ಕ್ಕಿಂತ ಇಳಿದಿದ್ದರೆ ಪೆಟ್ರೋಲ್ ಹೆಚ್ಚು ಹರಿಯುತ್ತಿದೆ, ಲ್ಯಾಮ್ಡಾ 1.00ರ ಬಳಿಯೇ ನಿಂತಿದ್ದು ಉಳಿದೆರಡು ಅಂಕಿಗಳು ಮಾತ್ರ ಏರಿದ್ದರೆ ಆಗ ಬೊಟ್ಟು ಕನ್ವರ್ಟರಿನತ್ತ ತಿರುಗುತ್ತದೆ. ಪರೀಕ್ಷೆಗೆ ಮುನ್ನ ಕಾರನ್ನು ಕನಿಷ್ಠ ಇಪ್ಪತ್ತು ನಿಮಿಷ ಓಡಿಸಿರಬೇಕು. ಮನೆಯ ಪಕ್ಕದ ಕೇಂದ್ರಕ್ಕೆ ತಣ್ಣಗಿನ ಕಾರನ್ನು ಒಯ್ದು ಫೇಲ್ ಮಾಡಿಸಿಕೊಂಡವರು ಕನ್ವರ್ಟರನ್ನು ದೂರುವಂತಿಲ್ಲ.

ಇನ್ನೊಂದು ಬಗೆಯ ತೊಂದರೆ ಕಟ್ಟಿಕೊಳ್ಳುವಿಕೆ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಹತ್ತುವಾಗ ಕಾಲಿನಡಿಯ ಪೆಡಲ್ ಪೂರ್ತಿ ಒತ್ತಿದರೂ ಕಾರು ಏದುಸಿರು ಬಿಡುತ್ತದೆ, ಸಪಾಟಿನಲ್ಲೂ ಪಿಕಪ್ ಇರುವುದಿಲ್ಲ, ವೇಗ ಒಂದು ಹಂತಕ್ಕಿಂತ ಮೇಲೇರುವುದಿಲ್ಲ. ಮುಂದಿನ ಆಕ್ಸಿಜನ್ ಸೆನ್ಸರನ್ನು ಬಿಚ್ಚಿ ಆ ತೂತಿಗೆ ಪ್ರೆಷರ್ ಗೇಜ್ ಹಾಕಿ ನೋಡಿದರೆ ಉತ್ತರ ಸಿಗುತ್ತದೆ. ಐಡಲ್‌ನಲ್ಲಿ ಸುಮಾರು 1.5 ಪಿಎಸ್‌ಐ, 2500 ಆರ್‌ಪಿಎಂನಲ್ಲಿ 3 ಪಿಎಸ್‌ಐ ಮೀರಿದರೆ ಹೊಗೆಗೆ ದಾರಿ ಕಟ್ಟಿದೆ ಎಂದು ತಿಳಿಯಬಹುದು. ಕಾರು ತಣ್ಣಗಿರುವಾಗ ಡಬ್ಬಿಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಒಳಗೆ ಗಲಗಲ ಸದ್ದು ಬಂದರೆ ಜಾಲರಿ ಒಡೆದಿದೆ. ಅದಕ್ಕೆ ಬೇರೆ ಪರೀಕ್ಷೆ ಬೇಕಿಲ್ಲ.

ಎರಡನೆಯ ಹೆಜ್ಜೆ: ಹಳೆಯದನ್ನು ಕೊಂದದ್ದು ಯಾವುದು?

ಈ ಹೆಜ್ಜೆಯನ್ನು ಹಾರಿಸಿದವರೇ ಎರಡನೆಯ ಬಾರಿ ಹಣ ಕೊಡುವವರು. ಕನ್ವರ್ಟರಿನಲ್ಲಿ ತಿರುಗುವ, ಉಜ್ಜುವ ಭಾಗವೊಂದೂ ಇಲ್ಲ. ಸರಿಯಾಗಿ ಉರಿಯುವ ಇಂಜಿನ್ನಿನ ಹಿಂದೆ ಅದು ಲಕ್ಷ ಕಿಲೋಮೀಟರ್ ದಾಟಿಯೂ ಬಾಳುತ್ತದೆ. ಅಕಾಲದಲ್ಲಿ ಸತ್ತಿದೆಯೆಂದರೆ ಕಾರಣ ಬಹುಮಟ್ಟಿಗೆ ಇಂಜಿನ್ನಿನಲ್ಲೇ ಇರುತ್ತದೆ, ಮತ್ತು ಬಿಚ್ಚಿದ ಹಳೆಯ ಜಾಲರಿಯ ಮುಖದಲ್ಲೇ ಆ ಕಾರಣ ಬರೆದಿರುತ್ತದೆ.

ಹಳೆಯದನ್ನು ಬಿಚ್ಚಿದ ಕೂಡಲೇ ಇಂಜಿನ್ ಕಡೆಯ ಬಾಯಿಯಿಂದ ಟಾರ್ಚ್ ಬಿಟ್ಟು ನೋಡಿ. ರಂಧ್ರಗಳು ಒಂದಕ್ಕೊಂದು ಬೆಸೆದು, ನಡುಭಾಗ ಕುಸಿದು, ಕಾದು ಕರಗಿ ಮತ್ತೆ ಗಟ್ಟಿಯಾದ ಬೆಲ್ಲದ ಪಾಕದ ಹಾಗೆ ಮಿನುಗುತ್ತಿದ್ದರೆ ಅದು ಮಿಸ್ಸಿಂಗಿನ ಫಲ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಬಂದು ಅಲ್ಲಿ ಉರಿದು, ಸಾವಿರ ಡಿಗ್ರಿಯನ್ನೂ ಮೀರಿದ ಶಾಖದಲ್ಲಿ ಮೊದಲು ಲೋಹದ ಕಣಗಳು ಒಟ್ಟುಗೂಡಿ ನಿಷ್ಕ್ರಿಯವಾಗುತ್ತವೆ, ಆಮೇಲೆ ಸೆರಾಮಿಕ್ಕೇ ಕರಗುತ್ತದೆ. ನಮ್ಮ ಮಳೆಗಾಲದಲ್ಲಿ ಇಗ್ನಿಷನ್ ಕಾಯಿಲ್, ಪ್ಲಗ್ಗಿನ ರಬ್ಬರ್ ಬೂಟುಗಳಿಗೆ ತೇವ ಹಿಡಿದು ಮಿಸ್ಸಿಂಗ್ ಶುರುವಾಗುವುದು ಎಲ್ಲರೂ ಬಲ್ಲ ಸಂಗತಿ. ‘ಬಿಸಿಲು ಬಂದ ಮೇಲೆ ಸರಿಯಾಗುತ್ತದೆ’ ಎಂದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಳ್ಳಿಕೊಂಡು ಹೋದ ಕಾರು ಬಿಸಿಲು ಬರುವಷ್ಟರಲ್ಲಿ ಕನ್ವರ್ಟರನ್ನು ಸುಟ್ಟುಕೊಂಡಿರುತ್ತದೆ. ಇಂಜಿನ್ ದೀಪ ಸುಮ್ಮನೆ ಉರಿಯುವುದಕ್ಕೂ ಮಿಣುಕುವುದಕ್ಕೂ ವ್ಯತ್ಯಾಸವಿದೆ: ಮಿಣುಕುತ್ತಿದ್ದರೆ ಈಗಲೇ ಕನ್ವರ್ಟರಿಗೆ ಹಾನಿಯಾಗುತ್ತಿದೆ ಎಂದರ್ಥ. ಘಾಟಿಯ ನಡುವೆ ಹಾಗಾದರೆ ಹೇಗಾದರೂ ಮೇಲೆ ತಲುಪೋಣ ಎನ್ನದೆ ಸುರಕ್ಷಿತ ತಿರುವಿನಲ್ಲಿ ನಿಲ್ಲಿಸುವುದೇ ಲಾಭ.

ಜಾಲರಿ ಕರಗದೆ, ಅದರ ಮುಖದ ಮೇಲೆ ಬೂದುಬಣ್ಣದ ಪದರ ಕಟ್ಟಿದ್ದರೆ ಇಂಜಿನ್ ಆಯಿಲ್ ತಿನ್ನುತ್ತಿದೆ. ಆಯಿಲ್ಲಿನಲ್ಲಿರುವ ರಂಜಕ ಮತ್ತು ಸತುವಿನ ಅಂಶಗಳು ಲೇಪವನ್ನು ಮುಚ್ಚಿಬಿಡುತ್ತವೆ. ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಬದಲಿಸದೆ ಹೊಸ ಕನ್ವರ್ಟರ್ ಹಾಕುವುದು ವ್ಯರ್ಥ. ಹೆಡ್ ಗ್ಯಾಸ್ಕೆಟ್ ಸೋರಿ ಕೂಲಂಟ್ ಉರಿಯುತ್ತಿದ್ದರೂ ಇದೇ ಗತಿ. ಸಂದಿಗೆ ಮೆತ್ತುವ ಸಾಮಾನ್ಯ ಸಿಲಿಕೋನ್ ಸೀಲಂಟಿನ ಆವಿಯೂ ಆಕ್ಸಿಜನ್ ಸೆನ್ಸರನ್ನು ಕೆಡಿಸುತ್ತದೆ. ಸೆನ್ಸರಿಗೆ ಹಾನಿಯಿಲ್ಲ ಎಂದು ಬರೆದಿರುವ ಟ್ಯೂಬನ್ನೇ ಬಳಸಲು ಮೆಕ್ಯಾನಿಕ್‌ಗೆ ಹೇಳಬೇಕು.

ಜಾಲರಿಯ ಮುಖ ಸ್ವಚ್ಛವಾಗಿದ್ದೂ ಅಡ್ಡಕ್ಕೆ ಸೀಳಿದ್ದರೆ ಪೆಟ್ಟು ಅಥವಾ ನೀರನ್ನು ಶಂಕಿಸಿ. ಕೊಟ್ಟಾರ ಚೌಕಿಯಂಥ ತಗ್ಗಿನಲ್ಲಿ ಮಳೆನೀರು ನಿಂತಾಗ ಕಾರನ್ನು ನುಗ್ಗಿಸಿದರೆ ಕೆಂಡದಷ್ಟು ಬಿಸಿಯಾದ ಡಬ್ಬಿ ಒಮ್ಮೆಲೇ ತಣಿಯುತ್ತದೆ, ಸೆರಾಮಿಕ್ ಅದನ್ನು ತಾಳಿಕೊಳ್ಳುವುದಿಲ್ಲ. ಕೆಳಗಿನ ಡಬ್ಬಿಗೆ ರಸ್ತೆಯುಬ್ಬು ತಾಗಿದ ಗುರುತನ್ನೂ ನೋಡಿಕೊಳ್ಳಿ.

ಮೂರನೆಯ ಹೆಜ್ಜೆ: ನಿಮ್ಮ ಕಾರಿನ ಹಂತವನ್ನು ತಿಳಿಯುವುದು

ನಾಲ್ಕು ಮಹಾನಗರಗಳಲ್ಲಿ 1995ರ ಏಪ್ರಿಲ್‌ನಿಂದ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. ಸೀಸವಿಲ್ಲದ ಪೆಟ್ರೋಲ್ 2000ದ ಫೆಬ್ರವರಿಯಲ್ಲಿ ದೇಶದಾದ್ಯಂತ ಬಂತು. ಬಿಎಸ್-4 ಮೊದಲು 2010ರಲ್ಲಿ ಬೆಂಗಳೂರೂ ಸೇರಿದಂತೆ 13 ನಗರಗಳಲ್ಲಿ ಜಾರಿಯಾಗಿ, 2017ರ ಏಪ್ರಿಲ್ ಹೊತ್ತಿಗೆ ದೇಶವನ್ನು ವ್ಯಾಪಿಸಿತು. ಬಿಎಸ್-6 ಮಾತ್ರ 2020ರ ಏಪ್ರಿಲ್ 1ರಂದು ಎಲ್ಲೆಡೆ ಒಟ್ಟಿಗೇ ಬಂತು. ಈ ಇತಿಹಾಸ ಕರಾವಳಿಯವರಿಗೆ ಏಕೆ ಬೇಕೆಂದರೆ, 2010 ಮತ್ತು 2017ರ ನಡುವೆ ತಯಾರಾದ ಒಂದೇ ಮಾದರಿಯ ಎರಡು ಕಾರುಗಳ ಪೈಕಿ ಮಂಗಳೂರಿನಲ್ಲಿ ಹೊಸದಾಗಿ ಕೊಂಡದ್ದು ಬಿಎಸ್-3 ಆಗಿರಬಹುದು, ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು ಬಿಎಸ್-4 ಆಗಿರಬಹುದು. ಪಕ್ಕದ ಮನೆಯವರ ಅದೇ ವರ್ಷದ ಅದೇ ಕಾರಿಗೆ ಹೊಂದಿದ ಕನ್ವರ್ಟರ್ ನಿಮ್ಮದಕ್ಕೆ ಹೊಂದಲೇಬೇಕೆಂದಿಲ್ಲ. ಆರ್‌ಸಿಯಲ್ಲಿ ಅಥವಾ ಎಂಪರಿವಾಹನ್ ಆ್ಯಪಿನಲ್ಲಿ ಹೊರಸೂಸುವಿಕೆಯ ಹಂತ ನಮೂದಾಗಿದೆಯೇ ನೋಡಿ. ಇಲ್ಲದಿದ್ದರೆ ಚಾಸಿಸ್ ನಂಬರ್ ಕೊಟ್ಟು ಷೋರೂಮಿನ ಸ್ಪೇರ್ ಪಾರ್ಟ್ಸ್ ಕೌಂಟರಿನಲ್ಲಿ ಮೂಲ ಕನ್ವರ್ಟರಿನ ಪಾರ್ಟ್ ನಂಬರ್ ಕೇಳಿ ಬರೆದುಕೊಳ್ಳಿ. ಹೊರಗಿನದನ್ನೇ ಕೊಳ್ಳುವುದಿದ್ದರೂ ಈ ನಂಬರ್ ಕೈಯಲ್ಲಿರಬೇಕು.

ಇಂಧನವೂ ಮುಖ್ಯ. ಡೀಸೆಲ್ ಕಾರಿನ ವ್ಯವಸ್ಥೆ ಪೂರ್ತಿ ಬೇರೆ, ಈ ಬರಹ ಅದನ್ನು ಒಳಗೊಳ್ಳುವುದಿಲ್ಲ. ಕಂಪೆನಿಯಿಂದಲೇ ಸಿಎನ್‌ಜಿ ಜೋಡಿಸಿಕೊಂಡು ಬಂದ ಕಾರಾದರೆ ಅಂಗಡಿಯಲ್ಲಿ ಅದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಮೀಥೇನ್ ಸುಲಭವಾಗಿ ಉತ್ಕರ್ಷಣೆಗೆ ಒಳಗಾಗುವ ಅನಿಲವಲ್ಲ, ಅದಕ್ಕೆ ಪಲ್ಲಾಡಿಯಂ ಹೆಚ್ಚಿರುವ ಲೇಪ ಬೇಕಾಗುತ್ತದೆ.

ನಾಲ್ಕನೆಯ ಹೆಜ್ಜೆ: ಯಾವ ಬಗೆಯದು?

ಮಾರುಕಟ್ಟೆಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ಕಾರು ಕಂಪೆನಿಯ ಒರಿಜಿನಲ್. ಬೇರೆ ಕಂಪೆನಿ ಅದೇ ಕಾರಿಗೆಂದು ಅದೇ ಫ್ಲಾಂಜ್ (ಪೈಪಿನ ತುದಿಯಲ್ಲಿ ಬೋಲ್ಟ್ ಹಾಕುವ ಚಪ್ಪಟೆ ಅಂಚು), ಅದೇ ಸೆನ್ಸರ್ ತೂತುಗಳೊಂದಿಗೆ ಮಾಡಿದ ಡೈರೆಕ್ಟ್ ಫಿಟ್. ಮತ್ತು ಎರಡು ಬದಿಗೆ ಬರಿಯ ಪೈಪ್ ಇರುವ, ಕತ್ತರಿಸಿ ವೆಲ್ಡ್ ಮಾಡಬೇಕಾದ ಯೂನಿವರ್ಸಲ್.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುವುದಾದರೆ, ಬಿಎಸ್-6 ಕಾರಿಗೆ ಒರಿಜಿನಲ್ ಬಿಟ್ಟು ಬೇರೆಯದನ್ನು ಯೋಚಿಸುವುದು ಉಳಿತಾಯವಲ್ಲ. ಆ ಕಾರುಗಳ ಕಂಪ್ಯೂಟರ್ ಕನ್ವರ್ಟರನ್ನು ಬಿಗಿಯಾಗಿ ಪರೀಕ್ಷಿಸುತ್ತಿರುತ್ತದೆ, ಲೇಪದ ಸಣ್ಣ ಕೊರತೆಯನ್ನೂ ಹಿಡಿಯುತ್ತದೆ. ಕಾರು ಇನ್ನೂ ವಾರಂಟಿಯಲ್ಲಿದ್ದರಂತೂ ಹೊರಗಿನ ಗ್ಯಾರೇಜಿಗೆ ಬಿಚ್ಚಲು ಕೊಡುವ ಮೊದಲೇ ಷೋರೂಮಿನಲ್ಲಿ ವಿಚಾರಿಸಿ. ಮ್ಯಾನಿಫೋಲ್ಡಿಗೆ ಅಂಟಿದ ಕನ್ವರ್ಟರ್ ಇರುವ ಬಿಎಸ್-4 ಕಾರಿಗೆ ಒಳ್ಳೆಯ ಹೆಸರಿನ ಡೈರೆಕ್ಟ್ ಫಿಟ್ ಸಿಕ್ಕರೆ ಪರಿಗಣಿಸಬಹುದು. ಅಲ್ಲಿ ಯೂನಿವರ್ಸಲ್ ಕೂರಿಸುವ ಸಾಹಸ ಬೇಡ, ಏಕೆಂದರೆ ಆ ಜಾಗದ ಶಾಖ ಮತ್ತು ನಡುಕವನ್ನು ಬೀದಿಬದಿಯ ವೆಲ್ಡಿಂಗ್ ಬಹಳ ಕಾಲ ತಡೆದುಕೊಳ್ಳುವುದಿಲ್ಲ. ಕನ್ವರ್ಟರ್ ಸೀಟಿನ ಕೆಳಗಿರುವ, ಬಿಎಸ್-2 ಅಥವಾ ಬಿಎಸ್-3ರ ಹಳೆಯ ಕಾರಿಗೆ ಯೂನಿವರ್ಸಲ್ ಸಾಧ್ಯ. ಆದರೂ ಅದು ನಿಮ್ಮ ಇಂಜಿನ್ನಿನ ಸಿಸಿಗೆ ಮತ್ತು ಆ ಹಂತಕ್ಕೆ ಹೇಳಿಮಾಡಿಸಿದ್ದೆಂದು ತಯಾರಕರ ಪಟ್ಟಿಯಲ್ಲಿ ಬರೆದಿರಬೇಕು.

ಗುಜರಿಯಿಂದ ಬಂದ ಬಳಸಿದ ಕನ್ವರ್ಟರ್ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ: ಅದರಲ್ಲಿ ಎಷ್ಟು ಜೀವ ಉಳಿದಿದೆಯೆಂದು ಹೊರಗಿನಿಂದ ಹೇಳಲಾಗದು. ಗುಜರಾತ್, ಮಹಾರಾಷ್ಟ್ರಗಳಲ್ಲಿ ಕನ್ವರ್ಟರಿನ ಲೋಹಕ್ಕಾಗಿ ನಡೆದ ಈಕೋ ವ್ಯಾನುಗಳ ಸೈಲೆನ್ಸರ್ ಕಳವಿನ ಸುದ್ದಿಗಳನ್ನು ಓದಿದವರಿಗೆ, ಬಿಲ್ಲಿಲ್ಲದ ಕನ್ವರ್ಟರ್ ಎಲ್ಲಿಂದ ಬಂದಿರಬಹುದು ಎಂಬ ಇನ್ನೊಂದು ಪ್ರಶ್ನೆಯೂ ಏಳಬೇಕು.

ಕನ್ವರ್ಟರನ್ನೇ ತೆಗೆದು ಖಾಲಿ ಪೈಪ್ ಹಾಕಿಸುವ ಸಲಹೆಯೂ ಬರುತ್ತದೆ. ‘ಪಿಕಪ್ ಜಾಸ್ತಿಯಾಗುತ್ತದೆ’ ಎಂಬ ಆಸೆಯ ಮಾತಿನೊಂದಿಗೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಮಾಲಿನ್ಯದ ಮಿತಿ ಮೀರಿದ ವಾಹನಕ್ಕೆ 190(2)ನೇ ಕಲಮಿನಡಿ 10,000 ರೂಪಾಯಿವರೆಗೆ ದಂಡಕ್ಕೂ ಮೂರು ತಿಂಗಳವರೆಗಿನ ಸಜೆಗೂ ಅವಕಾಶವಿದೆ. ಅದಕ್ಕಿಂತ ಮೊದಲು ಇಂಜಿನ್ ದೀಪವೇ ಹತ್ತಿ ಕೂರುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಕನ್ವರ್ಟರ್ ಒಂದು ಸಾಮಾನ್ಯ ಕಾರಿನ ಶಕ್ತಿಯನ್ನು ಗಮನಕ್ಕೆ ಬರುವಷ್ಟು ತಿನ್ನುವುದೂ ಇಲ್ಲ.

ಐದನೆಯ ಹೆಜ್ಜೆ: ಅಂಗಡಿಯಲ್ಲಿ ಕೈಗೆತ್ತಿಕೊಂಡು ನೋಡುವುದು

ಫೋನಿನಲ್ಲಿ ಫೋಟೋ ನೋಡಿ ಒಪ್ಪಿಕೊಳ್ಳಬೇಡಿ. ಡಬ್ಬಿಯನ್ನು ಕೈಗೆ ತೆಗೆದುಕೊಂಡು ಒಂದು ಬಾಯಿಯಿಂದ ಟಾರ್ಚ್ ಹಾಯಿಸಿ ಇನ್ನೊಂದು ಬಾಯಿಯಿಂದ ನೋಡಿ. ರಂಧ್ರಗಳು ಅಂಚಿನಿಂದ ಅಂಚಿಗೆ ಸಮನಾಗಿ, ತೆರೆದು, ಒಡಕಿಲ್ಲದೆ ಕಾಣಬೇಕು. ಜಾಲರಿಯ ಸುತ್ತ, ಅದಕ್ಕೂ ಉಕ್ಕಿನ ಕವಚಕ್ಕೂ ನಡುವೆ, ಶಾಖಕ್ಕೆ ಉಬ್ಬಿ ಬಿಗಿಯುವ ನಾರಿನ ಚಾಪೆಯೊಂದಿರುತ್ತದೆ. ಅದು ಅಲ್ಲಲ್ಲಿ ಕಿತ್ತುಬಂದಿದ್ದರೆ ಆ ತುಂಡನ್ನು ಬಿಡಿ. ಜಾಲರಿಯ ಉದ್ದವನ್ನು ಮೂಲ ಕನ್ವರ್ಟರಿನ ಉದ್ದದೊಂದಿಗೆ ಹೋಲಿಸಿ. ಹೊರಗಿನ ಡಬ್ಬಿ ಅಷ್ಟೇ ಉದ್ದವಿದ್ದರೂ ಒಳಗೆ ಅರ್ಧದಷ್ಟೇ ಜಾಲರಿ ಇರುವ ಮಾಲುಗಳುಂಟು, ಬಾಯಿಯಿಂದ ಜಾಲರಿಯ ಮುಖದವರೆಗಿನ ಆಳವನ್ನು ಎರಡೂ ಕಡೆಯಿಂದ ಕಡ್ಡಿಯಿಂದ ಅಳೆದು ಒಟ್ಟು ಉದ್ದದಿಂದ ಕಳೆದರೆ ಅದು ತಕ್ಷಣ ಗೊತ್ತಾಗುತ್ತದೆ. ಚದರ ಇಂಚಿಗೆ 400 ಅಥವಾ 600 ರಂಧ್ರಗಳಿರುವುದು ರೂಢಿ. ‘ಸ್ಪೋರ್ಟ್ಸ್’ ಎಂಬ ಹೆಸರಿನಲ್ಲಿ ಬರುವ 200 ರಂಧ್ರದವು ಓಟದ ಕಾರಿನ ಚಪಲಕ್ಕೆ ಸರಿ, ಎಮಿಷನ್ ಟೆಸ್ಟಿಗಲ್ಲ.

ಕವಚದ ಉಕ್ಕಿನ ಬಗ್ಗೆ ಒಂದು ತಪ್ಪು ನಂಬಿಕೆಯನ್ನು ತಿದ್ದಬೇಕು. ಅಯಸ್ಕಾಂತ ಹಿಡಿದು, ಅಂಟಿಕೊಂಡರೆ ‘ಇದು ಸ್ಟೇನ್‌ಲೆಸ್ ಅಲ್ಲ, ಡುಪ್ಲಿಕೇಟ್’ ಎನ್ನುವವರಿದ್ದಾರೆ. ಎಕ್ಸಾಸ್ಟಿಗೆ ಜಗತ್ತಿನಾದ್ಯಂತ ಹೆಚ್ಚಾಗಿ ಬಳಸುವ 409 ದರ್ಜೆಯ ಸ್ಟೇನ್‌ಲೆಸ್ ಉಕ್ಕು ಅಯಸ್ಕಾಂತಕ್ಕೆ ಅಂಟಿಯೇ ಅಂಟುತ್ತದೆ. ಅಂಟದೇ ಇರುವುದು ಅದಕ್ಕಿಂತ ದುಬಾರಿಯಾದ 304. ಪಣಂಬೂರು, ಮಲ್ಪೆ, ಸುರತ್ಕಲ್ ಕಡೆಯ ಕಡಲಗಾಳಿಗೆ 409ರ ಮೇಲ್ಮೈ ಬೇಗ ಕಂದುಗಟ್ಟುತ್ತದೆ, ಆದರೆ ಅದು ತೂತು ಬೀಳುವ ತುಕ್ಕಲ್ಲ. ನಿಜವಾಗಿ ಕೈಕೊಡುವುದು ಮೈಲ್ಡ್ ಸ್ಟೀಲಿಗೆ ಬೆಳ್ಳಿಬಣ್ಣ ಬಳಿದ ಡಬ್ಬಿಗಳು ಮತ್ತು ಬೆಸುಗೆಯ ಜಾಗಗಳು. ಬೆಸುಗೆ ಸುತ್ತಲೂ ತಡೆಯಿಲ್ಲದೆ ಒಂದೇ ಗೆರೆಯಾಗಿ ಸಾಗಿದೆಯೇ, ಫ್ಲಾಂಜ್ ದಪ್ಪಗಿದ್ದು ಸಪಾಟಾಗಿದೆಯೇ, ಸೆನ್ಸರ್ ಕೂರುವ ಎಂ18 ಅಳತೆಯ ತೂತಿನ ತಿರುಪಿನ ಗೆರೆಗಳು ಸ್ವಚ್ಛವಾಗಿವೆಯೇ ಎಂಬುದನ್ನು ಬೆರಳಾಡಿಸಿಯೇ ನೋಡಬೇಕು.

ಕವಚದ ಮೇಲೆ ತಯಾರಕರ ಹೆಸರು, ಪಾರ್ಟ್ ನಂಬರ್, ಹೊಗೆ ಹರಿಯುವ ದಿಕ್ಕಿನ ಬಾಣ ಒತ್ತಿರಬೇಕು. ಅಂಟಿಸಿದ ಸ್ಟಿಕ್ಕರ್ ಮೊದಲ ದಿನವೇ ಸುಟ್ಟುಹೋಗುತ್ತದೆ. ಆಮದು ಮಾಲಿನ ಮೇಲೆ ವೃತ್ತದೊಳಗೆ ‘ಇ’ ಅಕ್ಷರ ಮತ್ತು ಒಂದು ಅಂಕಿ ಇದ್ದರೆ ಅದು ಯುರೋಪಿನ ಅನುಮೋದನೆಯ ಗುರುತು (1 ಎಂದರೆ ಜರ್ಮನಿ, 11 ಎಂದರೆ ಬ್ರಿಟನ್). ಬದಲಿ ಕನ್ವರ್ಟರುಗಳಿಗೆ ಅನ್ವಯಿಸುವ ನಿಯಮದ ಸಂಖ್ಯೆ 103. ಆದರೆ ಆ ಅನುಮೋದನೆ ಕೊಟ್ಟಿರುವುದು ಪಟ್ಟಿಯಲ್ಲಿ ಹೆಸರಿಸಿದ ಕಾರುಗಳಿಗೆ ಮಾತ್ರ. ಯುರೋಪಿನ ಯಾವುದೋ ಕಾರಿಗೆ ಒಪ್ಪಿತವಾದದ್ದು ಎಂಬುದು ನಿಮ್ಮ ಕಾರಿಗೆ ಒಪ್ಪುತ್ತದೆ ಎಂಬುದಕ್ಕೆ ಪುರಾವೆಯಲ್ಲ. ಅಂಗಡಿಯವರು ಗುರುತನ್ನಷ್ಟೇ ತೋರಿಸಿ ಪಟ್ಟಿಯನ್ನು ತೋರಿಸದಿದ್ದರೆ ಪಟ್ಟಿ ಕೇಳಿ.

ಆರನೆಯ ಹೆಜ್ಜೆ: ಬಿಲ್ಲು, ವಾರಂಟಿ, ಹಳೆಯ ಡಬ್ಬಿ

ಜಿಎಸ್‌ಟಿ ಬಿಲ್ಲಿನಲ್ಲಿ ಪಾರ್ಟ್ ನಂಬರ್, ಕಾರಿನ ಮಾದರಿ, ವರ್ಷ ಮತ್ತು ‘ಬಿಎಸ್-4 ಪೆಟ್ರೋಲ್’ ಎಂಬಂತೆ ಹಂತವನ್ನು ಬರೆಸಿಕೊಳ್ಳಿ. ಹಂತ ಬರೆಯಲು ಅಂಗಡಿಯವರು ಹಿಂಜರಿದರೆ ಅದೇ ಒಂದು ಉತ್ತರ. ವಾರಂಟಿ ಎಂದಾಗ ಎರಡು ಪ್ರತ್ಯೇಕ ಸಂಗತಿಗಳಿವೆ: ಕವಚ ಮತ್ತು ಬೆಸುಗೆ ಬಾಳಿಕೆ ಬರುವುದು ಒಂದು, ಜಾಲರಿ ಹೊಗೆಯನ್ನು ಶುದ್ಧೀಕರಿಸುತ್ತಲೇ ಇರುವುದು ಇನ್ನೊಂದು. ಅಮೆರಿಕದಲ್ಲಿ ಹೊಸ ಬದಲಿ ಕನ್ವರ್ಟರಿನ ಕವಚಕ್ಕೆ 5 ವರ್ಷ ಅಥವಾ 50,000 ಮೈಲಿ, ಕಾರ್ಯಕ್ಷಮತೆಗೆ 25,000 ಮೈಲಿ, ಅಂದರೆ ಸುಮಾರು 40,000 ಕಿಲೋಮೀಟರ್, ವಾರಂಟಿ ಇರಬೇಕೆಂಬ ನಿಯಮವಿದೆ. ಆ ನಿಯಮ ನಮಗೆ ಅನ್ವಯಿಸದಿದ್ದರೂ ಅಳತೆಗೋಲಾಗಿ ಉಪಯೋಗಕ್ಕೆ ಬರುತ್ತದೆ. ‘ಫಿಟ್ ಮಾಡಿದ ಮೇಲೆ ವಾರಂಟಿ ಇಲ್ಲ’ ಎನ್ನುವ ಕನ್ವರ್ಟರಿಗೆ ವಾರಂಟಿಯೇ ಇಲ್ಲ ಎಂದು ತಿಳಿಯಿರಿ.

ಬಿಚ್ಚಿದ ಹಳೆಯ ಡಬ್ಬಿಗೆ ಬೆಲೆಯಿದೆ. ಸತ್ತ ಜಾಲರಿಯಲ್ಲೂ ಪ್ಲಾಟಿನಂ ವರ್ಗದ ಲೋಹಗಳು ಉಳಿದಿರುತ್ತವೆ, ಅದನ್ನು ತೂಕಕ್ಕೆ ಕೊಳ್ಳುವವರಿದ್ದಾರೆ. ‘ಅದನ್ನು ನಾವೇ ಬಿಸಾಡುತ್ತೇವೆ ಸರ್’ ಎಂಬ ಉದಾರ ಮಾತಿಗೆ ತಲೆಯಾಡಿಸುವ ಮೊದಲು, ಹಳೆಯದನ್ನು ಕೊಟ್ಟರೆ ಹೊಸದರಲ್ಲಿ ಎಷ್ಟು ಕಡಿಮೆಯಾಗುತ್ತದೆ ಎಂದು ಕೇಳಿ. ಷೋರೂಮಿನ ಬೆಲೆ ಮತ್ತು ಹೊರಗಿನ ಬೆಲೆಯ ನಡುವಿನ ಅಂತರ ಇದರಿಂದ ಕೆಲವೊಮ್ಮೆ ಗಣನೀಯವಾಗಿ ತಗ್ಗುತ್ತದೆ.

ಏಳನೆಯ ಹೆಜ್ಜೆ: ಜೋಡಣೆ

ನಮ್ಮ ಊರಿನ ಉಪ್ಪುಗಾಳಿಯಲ್ಲಿ ಎಕ್ಸಾಸ್ಟಿನ ಬೋಲ್ಟುಗಳು ಹಿಡಿದುಕೊಂಡಿರುವುದು ಖಚಿತ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಕಾರು ಪೂರ್ತಿ ತಣಿದ ಮೇಲೆ ಬಿಚ್ಚಿದರೆ ಮ್ಯಾನಿಫೋಲ್ಡಿನ ಸ್ಟಡ್ ಮುರಿಯುವ ಸಂಭವ ಕಡಿಮೆ. ಗ್ಯಾಸ್ಕೆಟ್ ಮತ್ತು ನಟ್ಟುಗಳು ಹೊಸವೇ ಆಗಲಿ. ಹತ್ತಿಪ್ಪತ್ತು ರೂಪಾಯಿ ಉಳಿಸಲು ಹಳೆಯ ಗ್ಯಾಸ್ಕೆಟ್ಟನ್ನೇ ಕೂರಿಸಿದರೆ ಅಲ್ಲಿಂದ ಒಳನುಸುಳುವ ಗಾಳಿ ಸೆನ್ಸರನ್ನು ಮೋಸಗೊಳಿಸಿ ಪಿ0420ನ್ನು ಮರಳಿ ತರುತ್ತದೆ. ಹಳೆಯ ಜಾಲರಿ ಚೂರಾಗಿದ್ದರೆ ಚೂರುಗಳು ಹಿಂದಿನ ಸೈಲೆನ್ಸರಿನಲ್ಲಿ ಸಿಕ್ಕಿಕೊಂಡಿರುತ್ತವೆ, ಅದನ್ನೂ ಬಿಚ್ಚಿ ಕೊಡವಬೇಕು.

ಬಾಣದ ಗುರುತು ಇಂಜಿನ್ನಿನಿಂದ ಹಿಂದಕ್ಕೆ ತೋರಬೇಕು. ವೆಲ್ಡಿಂಗ್ ಇದ್ದರೆ ಬ್ಯಾಟರಿಯ ಕನೆಕ್ಷನ್ ತೆಗೆಸಿ, ಆಕ್ಸಿಜನ್ ಸೆನ್ಸರುಗಳನ್ನು ಬಿಚ್ಚಿಸಿ. ವೆಲ್ಡಿಂಗಿನ ಕರೆಂಟು ಕಾರಿನ ಕಂಪ್ಯೂಟರಿಗೆ ಒಳ್ಳೆಯದಲ್ಲ. ಹೀಟ್ ಶೀಲ್ಡನ್ನು (ಕನ್ವರ್ಟರಿನ ಬಿಸಿ ತಡೆಯುವ ತಗಡನ್ನು) ‘ಸದ್ದು ಮಾಡುತ್ತದೆ’ ಎಂದು ತೆಗೆದುಹಾಕಲು ಬಿಡಬೇಡಿ, ಒಣಹುಲ್ಲಿನ ಮೇಲೆ ಕಾರು ನಿಲ್ಲಿಸುವವರಿಗೆ ಅದರ ಬೆಲೆ ಗೊತ್ತು. ಕೆಲಸ ಮುಗಿದ ಮೇಲೆ ಇಂಜಿನ್ ಚಾಲೂ ಮಾಡಿ ಸೈಲೆನ್ಸರಿನ ಬಾಯಿಯನ್ನು ದಪ್ಪ ಬಟ್ಟೆಯಿಂದ ಕ್ಷಣಕಾಲ ಅದುಮಿದರೆ, ಸಂದುಗಳಲ್ಲಿ ಎಲ್ಲಿ ಸೋರುತ್ತಿದೆಯೋ ಅಲ್ಲಿಂದ ‘ಚುಸ್’ ಎಂಬ ಸದ್ದು ಕೇಳುತ್ತದೆ.

ಎಂಟನೆಯ ಹೆಜ್ಜೆ: ಮೊದಲ ಓಟ ಮತ್ತು ಮರುಪರೀಕ್ಷೆ

ಮೊದಲ ಬಾರಿ ಬಿಸಿಯಾದಾಗ ಸ್ವಲ್ಪ ಹೊಗೆ, ಸುಟ್ಟ ವಾಸನೆ ಬರುವುದು ಸಹಜ. ನಾರಿನ ಚಾಪೆಯ ಅಂಟು ಉರಿದುಹೋಗುತ್ತಿರುತ್ತದೆ. ಗ್ಯಾರೇಜಿನ ಅಂಗಳದಲ್ಲೇ ಇಂಜಿನ್ನನ್ನು ರೇಸ್ ಮಾಡದೆ, ಐಡಲ್‌ನಲ್ಲಿ ಬಿಸಿಯಾಗಲು ಬಿಟ್ಟು ನಂತರ ಹೊರಡಿ. ಕೋಡ್ ಅಳಿಸಿದ ತಕ್ಷಣ ದೀಪ ಆರುತ್ತದೆ, ಆದರೆ ಕಾರಿನ ಕಂಪ್ಯೂಟರ್ ಕನ್ವರ್ಟರಿನ ಪರೀಕ್ಷೆಯನ್ನು ಹೊಸದಾಗಿ ನಡೆಸಿ ಮುಗಿಸುವವರೆಗೆ ಆ ಆರಿದ ದೀಪಕ್ಕೆ ಅರ್ಥವಿಲ್ಲ. ತಣ್ಣಗಿನ ಇಂಜಿನ್ನಿನಿಂದ ಆರಂಭಿಸಿ, ಸ್ವಲ್ಪ ಪೇಟೆಯಲ್ಲಿ ಓಡಿಸಿ, ಬಳಿಕ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೆಳಗಿನ ಹೊತ್ತು ಒಂದೇ ಸಮನೆಯ ವೇಗದಲ್ಲಿ ಮಂಗಳೂರಿನಿಂದ ಉಡುಪಿಗೆ ಹೋಗಿಬಂದರೆ ಹೆಚ್ಚಿನ ಕಾರುಗಳಿಗೆ ಸಾಕಾಗುತ್ತದೆ. ಸ್ಕ್ಯಾನರಿನಲ್ಲಿ ಕ್ಯಾಟಲಿಸ್ಟ್ ಮಾನಿಟರ್ ‘ರೆಡಿ’ ಎಂದು ತೋರಿಸಿದ ಮೇಲೆ, ಹಿಂದಿನ ಸೆನ್ಸರಿನ ಗೆರೆ ಸಪಾಟಾಗಿದೆಯೇ ಎಂದು ಮತ್ತೊಮ್ಮೆ ನೋಡಿ, ಅದೇ ಎಮಿಷನ್ ಕೇಂದ್ರದಲ್ಲಿ ಅದೇ ಬಿಸಿಯಲ್ಲಿ ಪರೀಕ್ಷೆ ಮಾಡಿಸಿ. ಹಳೆಯ ಚೀಟಿ ಮತ್ತು ಹೊಸ ಚೀಟಿ ಎರಡನ್ನೂ ಬಿಲ್ಲಿನ ಜೊತೆ ಪಿನ್ ಮಾಡಿಡಿ. ವಾರಂಟಿ ಕೇಳಲು ಹೋದಾಗ ಮಾತಿಗಿಂತ ಅವೇ ಹೆಚ್ಚು ಕೆಲಸಕ್ಕೆ ಬರುತ್ತವೆ.

ಕೆಲವು ವಾರಗಳಲ್ಲಿ ದೀಪ ಮತ್ತೆ ಹತ್ತಿದರೆ ಕನ್ವರ್ಟರನ್ನು ಬಿಚ್ಚುವ ಅವಸರ ಬೇಡ. ಮೊದಲು ಸಂದುಗಳ ಸೋರಿಕೆ, ಆಮೇಲೆ ಹಿಂದಿನ ಸೆನ್ಸರ್, ಆಮೇಲೆ ಪ್ಲಗ್ ಮತ್ತು ಕಾಯಿಲ್ ನೋಡಿಸಿ. ಇವೆಲ್ಲ ಸರಿಯಿದ್ದು, ಸೆನ್ಸರಿನ ಗೆರೆ ಮಾತ್ರ ಮತ್ತೆ ಕುಣಿಯುತ್ತಿದ್ದರೆ ಸ್ಕ್ಯಾನರಿನ ಆ ಗ್ರಾಫಿನ ಫೋಟೋ ತೆಗೆದುಕೊಂಡು, ಬಿಲ್ಲು ಮತ್ತು ಎರಡೂ ಚೀಟಿಗಳೊಂದಿಗೆ ಕೊಂಡ ಅಂಗಡಿಗೆ ಹೋಗಿ.